ಮೊದಲ ಶಮಿಸೆನ್: ‘ಬೈ ನೌ’ ಒತ್ತುವ ಮುನ್ನ

ಟೋಕಿಯೊದಲ್ಲಿ ಶನಿವಾರ ಶನಿವಾರ ಶಮಿಸೆನ್ ಕ್ಲಾಸಿಗೆ ಹೋಗ್ತೀನಿ ಅಂತ ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ಆಮೇಲೆ ಬಂದ ಮೆಸೇಜುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ: ‘ಆನ್‌ಲೈನ್‌ನಲ್ಲಿ ಹತ್ತು ಸಾವಿರ ಯೆನ್‌ಗೆ ಒಂದು ಸಿಗ್ತಿದೆ, ತಗೊಳ್ಳಲಾ?’ ಕೇಳಿದವರಲ್ಲಿ ಕೆಲವರು ಇಲ್ಲೇ ಕವಾಸಾಕಿ, ಯೊಕೊಹಾಮಾ ಕಡೆ ಕೆಲಸದಲ್ಲಿರೋ ನಮ್ಮವರು. ಇನ್ನು ಕೆಲವರು ಬೆಂಗಳೂರಿನ ರೂಮಿನಲ್ಲೇ ಕೂತು ಅನಿಮೆ ನೋಡಿ ಮನಸೋತವರು. ಇಬ್ಬರಿಗೂ ಹೇಳೋದು ಒಂದೇ, ಸ್ವಲ್ಪ ತಡೀರಿ. ಹತ್ತು ಸಾವಿರ ಯೆನ್‌ನ ಶಮಿಸೆನ್ ಕೊನೆಗೆ ಐವತ್ತು ಸಾವಿರದ್ದಾಗುವುದು ಇಲ್ಲಿ ತುಂಬಾ ಸಾಮಾನ್ಯ.

ಗೊತ್ತಿಲ್ಲದವರಿಗೆ ಎರಡು ಮಾತು. ಶಮಿಸೆನ್‌ಗೆ ಮೂರೇ ತಂತಿ, ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ. ಸುಮಾರು ಒಂದು ಮೀಟರ್ ಉದ್ದ. ಕೆಳಗಡೆ ಚೌಕಾಕಾರದ ಮರದ ಚೌಕಟ್ಟು, ಅದರ ಎರಡೂ ಬದಿಗೆ ಬಿಗಿದ ಚರ್ಮ. ಬೀಸಣಿಗೆಯಂತೆ ಅಗಲವಾದ ‘ಬಾಚಿ’ಯಿಂದ ನುಡಿಸೋದು. ನಮ್ಮ ಬಡಗಿಯ ಬಾಚಿಗೂ ಇದಕ್ಕೂ ಸಂಬಂಧ ಇಲ್ಲ, ಆದ್ರೆ ತ್ಸುಗಾರು ಶೈಲಿಯವರು ಚರ್ಮಕ್ಕೆ ಏಟು ಬೀಳೋ ಹಾಗೆ ಬಾರಿಸೋದು ಕೇಳಿದರೆ ಹೆಸರು ಸರಿಯಾಗೇ ಇದೆ ಅನ್ನಿಸುತ್ತೆ. ತಂತಿಗಳನ್ನು ಎತ್ತಿ ಹಿಡಿಯೋ ಪುಟ್ಟ ತುಂಡಿಗೆ ‘ಕೊಮಾ’ ಅಂತಾರೆ. ಅದನ್ನು ಬರೆಯೋ ಜಪಾನಿ ಅಕ್ಷರದ ಅರ್ಥ ಕುದುರೆಮರಿ. ವೀಣೆಯಲ್ಲಿ ನಾವೂ ಅದಕ್ಕೆ ಕುದುರೆ ಅಂತೀವಲ್ಲ!

ಈಗ ಕೊಳ್ಳೋ ವಿಷಯ. ಮೊದಲು ತೀರ್ಮಾನ ಆಗಬೇಕಾದ್ದು ಬಜೆಟ್ ಅಲ್ಲ, ಯಾವ ಸಂಗೀತ ಅನ್ನೋದು. ಶಮಿಸೆನ್‌ನಲ್ಲಿ ದಂಡಿಯ ದಪ್ಪದ ಮೇಲೆ ಮೂರು ಜಾತಿ. ತೆಳ್ಳಗಿನ ‘ಹೊಸೊಜಾವೊ’ ಕಬುಕಿ ನಾಟಕದ ನಾಗಉತಾ ಹಾಡುಗಳಿಗೆ. ಮಧ್ಯಮ ‘ಚುಜಾವೊ’ ಜಿಉತಾಗೆ, ಜಾನಪದ ಹಾಡುಗಳಿಗೆ. ದಪ್ಪನೆಯ ‘ಫುತೊಜಾವೊ’ ಬುನ್ರಾಕು ಬೊಂಬೆಯಾಟದ ಗಿದಾಯು ಕಥನಕ್ಕೆ ಮತ್ತು ತ್ಸುಗಾರುಗೆ. 2021ರಲ್ಲಿ ‘ಮಶಿರೊ ನೊ ಒತೊ’ ಅನಿಮೆ ಬಂದ ಮೇಲೆ ಹೊಸಬರ ಪಾಲಿಗೆ ಶಮಿಸೆನ್ ಅಂದ್ರೆ ತ್ಸುಗಾರು ಅಂತಲೇ ಆಗಿದೆ. ಆದರೆ ಹಳೇ ಸಾಮಾನಿನ ಆ್ಯಪ್‌ಗಳಲ್ಲಿ ಅಗ್ಗಕ್ಕೆ ಬರೋದು ಬಹುಪಾಲು ಹೊಸೊಜಾವೊ. ಅಜ್ಜಿ ನುಡಿಸ್ತಿದ್ದದ್ದು, ಮನೆ ಖಾಲಿ ಮಾಡುವಾಗ ಬೀರುವಿನಲ್ಲಿ ಸಿಕ್ಕಿದ್ದು. ಅದನ್ನು ಕೊಂಡು ಅನಿಮೆಯ ನಾದ ಬರಲಿ ಅಂದ್ರೆ ಬರೋದಿಲ್ಲ. ಬಾಚಿ, ಕೊಮಾ, ತಂತಿ ಕೂಡ ಶೈಲಿಗೊಂದು ಥರ. ಹಾಗಾಗಿ ಮೇಷ್ಟ್ರು ಯಾರು ಅಂತ ಮೊದಲು ನೋಡಿ, ಅವರು ಹೇಳಿದ ಜಾತಿ ಕೊಳ್ಳಿ. ಎಷ್ಟೋ ಕಡೆ ಮೊದಲ ಕೆಲವು ತಿಂಗಳು ಕ್ಲಾಸಿನ ವಾದ್ಯವನ್ನೇ ಬಾಡಿಗೆಗೆ ಕೊಡ್ತಾರೆ. ಅದೂ ಒಂದು ದಾರಿ, ನನ್ನ ಪ್ರಕಾರ ಒಳ್ಳೆ ದಾರಿ.

ಇನ್ನೊಂದು ಗೊಂದಲ ಒಕಿನಾವಾದ ‘ಸನ್‌ಶಿನ್’. ಅದಕ್ಕೂ ಮೂರೇ ತಂತಿ, ಫೋಟೊದಲ್ಲಿ ಅಣ್ಣ-ತಮ್ಮನ ಹಾಗೆ ಕಾಣುತ್ತೆ. 16ನೇ ಶತಮಾನದಲ್ಲಿ ಶಮಿಸೆನ್ ಹುಟ್ಟಿದ್ದೇ ಆ ಕಡೆಯಿಂದ ಬಂದ ವಾದ್ಯದಿಂದ, ನಿಜ. ಆದರೆ ಅದು ಗಿಡ್ಡ, ಹಾವಿನ ಚರ್ಮದ್ದು, ಅದರ ಸಂಗೀತವೇ ಬೇರೆ. ಹಲ್ಲೆಹಲ್ಲೆಯ ಚರ್ಮ ಕಂಡರೆ ಸ್ಕ್ರಾಲ್ ಮಾಡಿ ಮುಂದೆ ಹೋಗಿ.

ಮೆರ್ಕಾರಿ, ಯಾಹೂ ಆಕ್ಷನ್‌ನಂಥ ಕಡೆ ಹುಡುಕೋರು ಎರಡು ಮೂರು ಜಪಾನಿ ಪದ ಕಲಿತರೆ ಸಾಕು, ಅರ್ಧ ದುಡ್ಡು ಉಳಿಯುತ್ತೆ. ‘ಗೆಂಜೋಹಿನ್’ ಅಂದ್ರೆ ಇರೋ ಸ್ಥಿತಿಯಲ್ಲೇ ಕೊಡ್ತೀವಿ, ಆಮೇಲೆ ಕೇಳಬೇಡಿ ಅಂತ. ‘ಜಂಕು’ ಅಂದ್ರೆ ನಮ್ಮ ಜಂಕೇ. ‘ಕಾವಾ ಯಾಬುರೆ’ ಅಂದ್ರೆ ಚರ್ಮ ಹರಿದಿದೆ. ಕಡೆಯದು ತುಂಬಾ ಕಣ್ಣಿಗೆ ಬೀಳುತ್ತೆ, ಯಾಕೆಂದರೆ ಚರ್ಮ ಹರಿಯೋದು ಈ ವಾದ್ಯದ ಹಣೆಬರಹ. ಇಲ್ಲಿನ ಮಳೆಗಾಲದ ತೇವ, ಚಳಿಗಾಲದ ಹೀಟರ್ ಗಾಳಿ ಎರಡಕ್ಕೂ ಅದು ಸಿಕ್ಕಿ, ನುಡಿಸದೆ ಇಟ್ಟರೂ ಒಂದು ದಿನ ಟಪ್ ಅನ್ನುತ್ತೆ. ಎರಡೂ ಬದಿಗೆ ಹೊಸ ಚರ್ಮ ಬಿಗಿಸಲು ಸಾಮಾನ್ಯವಾಗಿ 30,000 ಯೆನ್ ಮೇಲೇ ಬೇಕು. ಅದಕ್ಕೆ ಬಾಚಿ, ತಂತಿ, ಕೊಮಾ ಸೇರಿಸಿ. ಹತ್ತು ಸಾವಿರ ಐವತ್ತು ಆಗೋದು ಹೀಗೆ. ಫೋಟೊದಲ್ಲಿ ಚರ್ಮ ಸರಿ ಇದೆ ಅಂತ ಕಂಡರೂ ಅದರ ವಯಸ್ಸು ಎಷ್ಟೋ! ಪಾರ್ಸೆಲ್‌ನಲ್ಲಿ ಬರುವಾಗಲೇ ಬಿಡಬಹುದು.

ಹಳೇ ವಾದ್ಯದಲ್ಲಿ ಜನ ಗಮನಿಸದ ಇನ್ನೊಂದು ದೋಷ ಇದೆ, ‘ಕಾನ್‌ಬೆರಿ’. ವರ್ಷಗಟ್ಟಲೆ ಒಂದೇ ಜಾಗದಲ್ಲಿ ತಂತಿ ಒತ್ತಿ ಒತ್ತಿ ದಂಡಿಯ ಮೇಲೆ ಸಣ್ಣ ಗುಳಿ ಬಿದ್ದಿರುತ್ತೆ, ಬಾವಿಕಟ್ಟೆಯ ಕಲ್ಲಿನ ಮೇಲೆ ಹಗ್ಗದ ಗುರುತು ಇರೋ ಹಾಗೆ. ಅಲ್ಲಿ ಸ್ವರ ಕೆಡುತ್ತೆ, ಬೇಡದ ಕಡೆ ಗುಂಯ್ ಅನ್ನುತ್ತೆ. ಕುಶಲಕರ್ಮಿಗಳು ದಂಡಿಯನ್ನು ಹೆರೆದು ಸಮ ಮಾಡ್ತಾರೆ, ಅದಕ್ಕೂ ದುಡ್ಡು. ಎದುರಿನ ಫೋಟೊದಲ್ಲಿ ಇದು ಕಾಣಲ್ಲ. ದಂಡಿಯನ್ನು ಪಕ್ಕದಿಂದ, ಬೆಳಕು ಬೀಳೋ ಹಾಗೆ ತೆಗೆದ ಫೋಟೊ ಕೇಳಿ. ಶಮಿಸೆನ್ ದಂಡಿ ಸಾಮಾನ್ಯವಾಗಿ ಮೂರು ತುಂಡಾಗಿ ಬಿಚ್ಚುತ್ತೆ, ಸೂಟ್‌ಕೇಸ್‌ನಲ್ಲೂ ಹಿಡಿಸುತ್ತೆ. ಆ ಕೂಡುಗಳಲ್ಲಿ ಸಂದು ಬಿಟ್ಟಿದೆಯಾ ಅಂತ ಹತ್ತಿರದ ಫೋಟೊ ಕೂಡ ಕೇಳಿ. ಕಳಿಸಲ್ಲ ಅನ್ನೋ ಮಾರಾಟಗಾರರನ್ನು ಬಿಟ್ಟುಬಿಡಿ.

ಚರ್ಮದ ವಿಷಯಕ್ಕೆ ಇನ್ನೊಮ್ಮೆ ಬರಬೇಕು. ನಾನು ಕ್ಲಾಸ್ ಸೇರಿದೆ ಅಂದಾಗ ಅಮ್ಮ ವಿಡಿಯೊ ಕಾಲ್‌ನಲ್ಲಿ ಕೇಳಿದ ಮೊದಲ ಪ್ರಶ್ನೆ, “ಅದಕ್ಕೆ ಯಾವುದರ ಚರ್ಮ ಹಾಕಿರ್ತಾರೆ?” ಸಾಂಪ್ರದಾಯಿಕವಾಗಿ ಬೆಕ್ಕು ಅಥವಾ ನಾಯಿ. ಹೇಳಿದೆ. ಮೃದಂಗಕ್ಕೂ ಚರ್ಮಾನೇ ಅಲ್ವಾ ಅಮ್ಮ ಅಂತಾನೂ ಸೇರಿಸಿದೆ. “ಅದು ಬೇರೆ ಪುಟ್ಟ, ಬೆಕ್ಕು ಮನೇಲಿ ಓಡಾಡೋದು” ಅಂದ್ರು. ತರ್ಕ ಸರಿಯೋ ತಪ್ಪೋ, ನನಗೂ ಒಳಗೆ ಅದೇ ಅನ್ನಿಸಿತ್ತು. ಹಾಗಾಗಿ ನಾನು ನುಡಿಸೋದು ಸಿಂಥೆಟಿಕ್ ಚರ್ಮದ್ದು. ನಾದ ಸ್ವಲ್ಪ ಒಣಕಲು ಅಂತ ಹಿರಿಯರು ಮೂಗು ಮುರೀತಾರೆ, ಅದರಲ್ಲಿ ಸತ್ಯ ಇಲ್ಲದೇ ಇಲ್ಲ. ಆದರೆ ಸ್ವರಸ್ಥಾನವೇ ಸಿಗದೆ ತಡಕಾಡೋ ಮೊದಲ ವರ್ಷದಲ್ಲಿ ಆ ವ್ಯತ್ಯಾಸ ನಿಮಗೂ ಕೇಳಲ್ಲ, ಪಕ್ಕದ ಮನೆಯವರಿಗೂ ಕೇಳಲ್ಲ. ಮಳೆಗಾಲಕ್ಕೆ ಜಗ್ಗಲ್ಲ, ಸುಲಭಕ್ಕೆ ಹರಿಯಲ್ಲ. ಬೆಂಗಳೂರು, ಮಂಗಳೂರಿಗೆ ಒಯ್ಯೋರಿಗಂತೂ ಬೇರೆ ಯೋಚನೆಯೇ ಬೇಡ. ಅಲ್ಲಿ ಚರ್ಮ ಹರಿದರೆ ಬಿಗಿದು ಕೊಡೋರು ಯಾರು?

ಭಾರತಕ್ಕೆ ತರಿಸೋರು ಇನ್ನೂ ಎರಡು ವಿಷಯ ನೋಡಲೇಬೇಕು, ಇದು ಬರೀ ದುಡ್ಡಿನ ಮಾತಲ್ಲ. ಹಳೇ ಒಳ್ಳೆ ಶಮಿಸೆನ್‌ಗಳಲ್ಲಿ ಬಾಚಿ, ಕೊಮಾ, ಬಿರಡೆ ಇವುಗಳಲ್ಲಿ ಯಾವುದಾದರೂ ಆನೆದಂತದ್ದಾಗಿರಬಹುದು. ಜಾಹೀರಾತಿನಲ್ಲಿ ‘ಝೋಗೆ’ ಅಂತ ಇದ್ದರೆ ಅದು ದಂತ. ‘ಬೆಕ್ಕೊ’ ಅಂದ್ರೆ ಕಡಲಾಮೆಯ ಚಿಪ್ಪು. ಎರಡನ್ನೂ ಗಡಿ ದಾಟಿಸೋ ಹಾಗಿಲ್ಲ, ಕಸ್ಟಮ್ಸ್‌ನಲ್ಲಿ ವಾದ್ಯದ ಜೊತೆ ನೀವೂ ಸಿಕ್ಕಿಬೀಳ್ತೀರಿ. ಎರಡನೆಯದು ಮರ. ಅತ್ಯುತ್ತಮ ಶಮಿಸೆನ್ ದಂಡಿಗೆ ಇಲ್ಲಿ ‘ಕೋಕಿ’ ಅಂತಾರೆ. ಅದು ಮತ್ತೇನಲ್ಲ, ನಮ್ಮ ಪಕ್ಕದ ಶೇಷಾಚಲಂ ಬೆಟ್ಟಗಳ ರಕ್ತಚಂದನ. ‘ಪುಷ್ಪಾ’ ನೋಡಿದವರಿಗೆ ಪರಿಚಯ ಬೇಕಿಲ್ಲ. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿರೋ ಮರ, ಕಾಗದಪತ್ರ ಇಲ್ಲದೆ ಸಾಗಿಸೋದು ತಲೆನೋವು. ಹೊಸಬರಿಗೆ ‘ಕರಿನ್’ ಮರ ಸಾಕು. ಅದೂ ರಕ್ತಚಂದನದ, ನಮ್ಮ ಹೊನ್ನೆಯ ಕುಲದ್ದೇ, ಸ್ವಲ್ಪ ಮೆದು, ಅಗ್ಗ.

ಹಾಗಾದರೆ ಎಷ್ಟು ಇಟ್ಟುಕೊಳ್ಳಬೇಕು? ಕರಿನ್ ದಂಡಿ, ಸಿಂಥೆಟಿಕ್ ಚರ್ಮ, ಪ್ಲಾಸ್ಟಿಕ್ ಬಾಚಿ ಇರೋ ಹೊಸಬರ ಸೆಟ್ಟು ಸುಮಾರು 50,000 ಯೆನ್‌ನಿಂದ ಒಂದು ಲಕ್ಷದೊಳಗೆ ಬರುತ್ತೆ, ತ್ಸುಗಾರುದು ಇನ್ನೂ ಮೇಲೆ. ಇದಕ್ಕಿಂತ ಒಳ್ಳೇದು, ಶಮಿಸೆನ್ ಅಂಗಡಿಯವರೇ ರಿಪೇರಿ ಮಾಡಿ ತಮ್ಮ ಸೈಟಿನಲ್ಲಿ ಮಾರೋ ಹಳೇ ವಾದ್ಯ. ದರ ಹೆಚ್ಚುಕಮ್ಮಿ ಅಷ್ಟೇ, ದಂಡಿ ಹೆರೆದಿರುತ್ತೆ, ಚರ್ಮ ಹೊಸದಿರುತ್ತೆ, ಏನಾದರೂ ಆದರೆ ಕೇಳೋಕೆ ಒಬ್ಬರು ಇರ್ತಾರೆ. ಇಂಥ ಅಂಗಡಿಗಳು ಉಳಿಯೋದೂ ಮುಖ್ಯ. ಹಚಿಯೋಜಿಯ ಟೋಕಿಯೊ ವಗಾಕ್ಕಿ ದೇಶದ ದೊಡ್ಡ ಶಮಿಸೆನ್ ತಯಾರಕರಲ್ಲಿ ಒಂದು, 1885ರದ್ದು. 2020ರಲ್ಲಿ ಅದೇ ಮುಚ್ಚುತ್ತೇವೆ ಅಂದಿತ್ತು, ಜನ ಕೈಜೋಡಿಸಿದ ಮೇಲೆ ಮುಂದುವರಿಯಿತು.

ತಂತಿ ರೇಷ್ಮೆಯದ್ದೇ ಬೇಕು ಅಂತ ಹಟ ಬೇಡ, ಬೇಗ ಕಿತ್ತುಹೋಗುತ್ತೆ. ಟೆಟ್ರಾನ್ ತಗೊಳ್ಳಿ. ಎಡಗೈ ಬೆರಳಿಗೆ ಹಾಕೋ ‘ಯುಬಿಕಾಕೆ’, ತೊಡೆ ಮೇಲೆ ಜಾರದಂತೆ ಇಡೋ ರಬ್ಬರ್ ತುಂಡು, ಇವೆರಡೂ ಸೆಟ್ಟಿನಲ್ಲಿ ಇದೆಯಾ ನೋಡಿ. ಫೋನಿನ ಟ್ಯೂನರ್ ಆ್ಯಪ್ ಸಾಕು. ಸಂಗೀತ ಕಲಿತವರಿಗೆ ಶ್ರುತಿ ಸುಲಭ: ‘ನಿಅಗಾರಿ’ ಅಂದ್ರೆ ಸ-ಪ-ಸ, ‘ಹೊಂಚೋಶಿ’ ಅಂದ್ರೆ ಸ-ಮ-ಸ. ದಪ್ಪ ತಂತಿ ಮೀಟಿದಾಗ ತಂಬೂರಿಯ ಹಾಗೆ ಝೇಂಕಾರ ಬಂದರೆ ಗಾಬರಿಯಾಗಿ ರಿಟರ್ನ್ ಹಾಕಬೇಡಿ. ಅದಕ್ಕೆ ‘ಸವಾರಿ’ ಅಂತಾರೆ, ಬೇಕಂತಲೇ ಮಾಡಿರ್ತಾರೆ. ಬರದೇ ಇದ್ದರೇ ಕಂಪ್ಲೇಂಟ್ ಮಾಡಬೇಕು. ಪ್ರತಿದಿನ ನುಡಿಸಿ ಮುಗಿದ ಮೇಲೆ ಕೊಮಾ ತೆಗೆದಿಡಿ, ರಾತ್ರಿಯೆಲ್ಲ ಅದು ಚರ್ಮದ ಮೇಲೆ ಭಾರ ಹಾಕಿ ನಿಂತಿರಬಾರದು.