ಮಾಲ್‌ನ ಬೋರ್ಡು ಬದಲಾಗುತ್ತಿರುತ್ತದೆ, ಸಂತೆ ಜಾಗ ಹೋದರೆ ಹೋದಂತೆಯೇ

2024ರ ಜುಲೈನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಹಾವೇರಿ ಕಡೆಯ ಹಿರಿಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲೆಂದು ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಮಾಲ್‌ಗೆ ಹೋದರು. ಪಂಚೆ ಉಟ್ಟಿದ್ದಾರೆಂದು ಅವರನ್ನು ಬಾಗಿಲಲ್ಲೇ ತಡೆದರು. ವಿಡಿಯೊ ನಮ್ಮೆಲ್ಲರ ಫೋನಿಗೂ ಬಂತು. ವಿಧಾನಸಭೆಯಲ್ಲಿ ಮಾತಾಯಿತು, ಮಾಲ್ ಅನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು.

ನಾವೆಲ್ಲ ಸಿಟ್ಟಾದೆವು, ಅದು ಸರಿಯೇ. ಆದರೆ ಒಂದು ಪ್ರಶ್ನೆ ಕೇಳುವುದನ್ನು ಮರೆತೆವು. ಮಾಲ್ ಅನ್ನುವುದು ಊರವರ ಜಾಗವೋ, ಯಾರದೋ ಖಾಸಗಿ ಅಂಗಡಿಯೋ? ಉತ್ತರ ಬೇಕಾದರೆ ಮಾಲ್ ಹುಟ್ಟಿದ ಊರಿನ ಕಥೆ ಕೇಳಬೇಕು.

ಅಮೆರಿಕದ ಮಿನಿಯಾಪೊಲಿಸ್ ನಗರದ ಪಕ್ಕದಲ್ಲಿ ಈಡೈನಾ ಅಂತ ಒಂದು ಊರಿದೆ. 1956ರ ಅಕ್ಟೋಬರ್ 8ರಂದು ಅಲ್ಲಿ ಸೌತ್‌ಡೇಲ್ ಎಂಬ ಮಾಲ್ ಶುರುವಾಯಿತು. ಪೂರ್ತಿ ಚಾವಣಿ ಹಾಕಿ, ಒಳಗೆ ವರ್ಷವಿಡೀ ಒಂದೇ ಹದದ ಹವೆ ಇರುವಂತೆ ಕಟ್ಟಿದ ಅಮೆರಿಕದ ಮೊದಲ ಮಾಲ್ ಅದು. 72 ಅಂಗಡಿ, ಸುಮಾರು 5,200 ಕಾರು ನಿಲ್ಲುವ ಜಾಗ, ಖರ್ಚು 2 ಕೋಟಿ ಡಾಲರ್. ಆ ಸೀಮೆಯಲ್ಲಿ ಚಳಿಗಾಲದಲ್ಲಿ ಮೊಣಕಾಲುದ್ದ ಹಿಮ, ಬೇಸಿಗೆಯಲ್ಲಿ ಸೆಕೆ. ಹೊರಗೆ ಆರಾಮಾಗಿ ಓಡಾಡಿ ಸಾಮಾನು ಕೊಳ್ಳುವಂಥ ದಿನಗಳು ವರ್ಷಕ್ಕೆ 126 ಮಾತ್ರ ಎಂದು ಲೆಕ್ಕ ಹಾಕಿದ್ದರು. ಅದಕ್ಕೇ ಚಾವಣಿ.

ಅದರ ನಕ್ಷೆ ಮಾಡಿದವರು ವಿಕ್ಟರ್ ಗ್ರೂಯೆನ್. ಹುಟ್ಟಿದ್ದು ಆಸ್ಟ್ರಿಯಾದ ವಿಯೆನ್ನಾದಲ್ಲಿ. ಯಹೂದಿಯಾದ್ದರಿಂದ ಹಿಟ್ಲರ್‌ನ ಕಾಟಕ್ಕೆ 1938ರಲ್ಲಿ ಅಮೆರಿಕಕ್ಕೆ ಓಡಿಬಂದರು. ಅಮೆರಿಕದ ಬಡಾವಣೆಗಳಲ್ಲಿ ಜನ ಕಾರಿನಿಂದ ಮನೆಗೆ, ಮನೆಯಿಂದ ಕಾರಿಗೆ ಹೋಗುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಅನ್ನುವುದು ಅವರ ಕೊರಗು. ತಮ್ಮ ಹಳೆಯ ಊರಿನಂತೆ ಜನ ನಡೆದಾಡುವ, ಕೂತು ಹರಟುವ ಚೌಕ ಅವರಿಗೆ ಬೇಕಿತ್ತು. ಮಾಲ್ ನಡುವೆ ಗಿಡ ನೆಟ್ಟರು, ಮೀನಿನ ಕೊಳ ಮಾಡಿದರು, ದೊಡ್ಡ ಪಂಜರದಲ್ಲಿ ಹಕ್ಕಿ ಬಿಟ್ಟರು. ಮೂಲ ಯೋಜನೆ ಇನ್ನೂ ದೊಡ್ಡದಿತ್ತು. ಸುತ್ತ 463 ಎಕರೆಯಲ್ಲಿ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ ಎಲ್ಲ ಸೇರಿ ಒಂದು ಊರೇ ಆಗಬೇಕಿತ್ತು.

ಆದದ್ದು ಬೇರೆ. ಮಾಲ್ ಬಂದ ಕೂಡಲೇ ಸುತ್ತಲಿನ ಜಾಗದ ಬೆಲೆ ಏರಿತು. ಗ್ರೂಯೆನ್ ಅಂದುಕೊಂಡ ಊರು ಮೇಲೇಳಲಿಲ್ಲ, ಮಾಲ್ ಸುತ್ತ ಕಾರು ನಿಲ್ಲಿಸುವ ಬಯಲೇ ಉಳಿಯಿತು. ಅದೇ ವರ್ಷ ನೋಡಲು ಬಂದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್, ಇದರಲ್ಲಿ ಹಳ್ಳಿಬೀದಿಯ ಕೆಡುಕೆಲ್ಲ ಇದೆ, ಅದರ ಸೊಗಸು ಮಾತ್ರ ಇಲ್ಲ ಅನ್ನುವ ಅರ್ಥದ ಮಾತಾಡಿ ಹೋದರು. ಮುಂದೆ ಗ್ರೂಯೆನ್ ಅವರೇ ಬೇಸತ್ತು, ಈಗಿನ ಮಾಲ್‌ಗಳು ತಮ್ಮ ಮಕ್ಕಳಲ್ಲ ಎಂಬಂತೆ ಮಾತಾಡಿ, ವಿಯೆನ್ನಾಕ್ಕೆ ವಾಪಸಾದರು.

ಇನ್ನು ಅಂಗಡಿಗಳ ಕಥೆ. ಸೌತ್‌ಡೇಲ್‌ನ ಎರಡು ಕಡೆ ಎರಡು ದೊಡ್ಡ ಅಂಗಡಿ: ಡೇಟನ್ಸ್ ಮತ್ತು ಡೊನಾಲ್ಡ್‌ಸನ್ಸ್. ಎರಡೂ ಆ ಸೀಮೆಯ ಮನೆಮಾತು. ಡೊನಾಲ್ಡ್‌ಸನ್ಸ್ ಕಂಪನಿಯನ್ನು 1987ರಲ್ಲಿ ಬೇರೆಯವರು ಕೊಂಡರು, ಹೆಸರೇ ಅಳಿಯಿತು. ಮಾಲ್ ಕಟ್ಟಿಸಿದ್ದೇ ಡೇಟನ್ಸ್. ಅದರ ಬೋರ್ಡು 2001ರಲ್ಲಿ ಮಾರ್ಷಲ್ ಫೀಲ್ಡ್ಸ್ ಆಯಿತು, 2006ರಲ್ಲಿ ಮೇಸೀಸ್ ಆಯಿತು. 1992ರಲ್ಲಿ ಹತ್ತಿರದ ಬ್ಲೂಮಿಂಗ್ಟನ್‌ನಲ್ಲಿ ಇದಕ್ಕಿಂತ ಬಲು ದೊಡ್ಡದಾದ ಮಾಲ್ ಆಫ್ ಅಮೆರಿಕ ಬಂತು. ಆಮೇಲೆ ಆನ್‌ಲೈನ್ ಬಂತು. ಜೆಸಿ ಪೆನಿ ಎಂಬ ದೊಡ್ಡ ಬಟ್ಟೆ ಅಂಗಡಿ ಇದ್ದ ಕಡೆ 2019ರಲ್ಲಿ ಜಿಮ್ ಎದ್ದಿತು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟು, ಹೋಟೆಲು ಬಂದವು. ಸೌತ್‌ಡೇಲ್ ಇಂದಿಗೂ ನಡೆಯುತ್ತಿದೆ. ಆದರೆ ಕಟ್ಟಿಸಿದವರ ಹೆಸರು ಬಾಗಿಲ ಮೇಲಿಲ್ಲ.

ಕಟ್ಟಿಸಿದವರೇನೂ ಮುಳುಗಲಿಲ್ಲ. 1962ರಲ್ಲೇ ಅವರು ಕಡಿಮೆ ಬೆಲೆಯ ಇನ್ನೊಂದು ಅಂಗಡಿ ತೆರೆದಿದ್ದರು. ಅದೇ ಟಾರ್ಗೆಟ್. ಇಂದು ಕಂಪನಿಯ ಹೆಸರೂ ಅದೇ, ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಅದರ ದೊಡ್ಡ ಕಚೇರಿ ಇದೆ. ಬಂಡವಾಳ ಲಾಭ ಇರುವ ಕಡೆಗೆ ನಡೆದು ಹೋಗುತ್ತದೆ. ಜಾಗಕ್ಕೆ ಆ ಅನುಕೂಲ ಇಲ್ಲ.

ನಮ್ಮಲ್ಲೂ ಇದೇ. 2004ರಲ್ಲಿ ಕೋರಮಂಗಲದಲ್ಲಿ ಫೋರಂ ಮಾಲ್ ಬಂತು. ಫೋರಂ ಅಂದರೆ ಹಳೆಯ ರೋಮ್‌ನಲ್ಲಿ ಊರವರು ಸೇರುತ್ತಿದ್ದ ಚೌಕ. ಮಾಲೀಕರು ಬದಲಾದರು, ಈಗ ಅದು ನೆಕ್ಸಸ್. ಹೆಸರಿಗಿದ್ದ ಚೌಕವೂ ಹೋಯಿತು. ಅದಕ್ಕೆ ಯಾರನ್ನೂ ದೂರಬೇಕಿಲ್ಲ. ಅವರ ಆಸ್ತಿ, ಅವರ ಬೋರ್ಡು.

ನನ್ನ ಚಿಂತೆ ಊರಿನ ಆಸ್ತಿಯ ಬಗ್ಗೆ. ತಾಲ್ಲೂಕು ಕೇಂದ್ರಗಳಲ್ಲಿ, ಹೋಬಳಿಗಳಲ್ಲಿ ಸಂತೆ ಮೈದಾನದ ಮೇಲೆ ಎಲ್ಲರ ಕಣ್ಣಿದೆ. ಕಾಂಪ್ಲೆಕ್ಸ್ ಕಟ್ಟೋಣ, ಮಳಿಗೆ ಹರಾಜು ಹಾಕೋಣ, ಬಾಡಿಗೆ ಬರುತ್ತದೆ, ನಮ್ಮೂರೂ ಪೇಟೆಯಂತೆ ಕಾಣುತ್ತದೆ ಅನ್ನುವ ಮಾತು ಕೇಳದ ಊರಿಲ್ಲ. ಹರಾಜಿಗೆ ಡಿಪಾಸಿಟ್ ಕಟ್ಟುವ ಶಕ್ತಿ ಯಾರಿಗಿದೆ? ಎರಡು ಬುಟ್ಟಿ ಬದನೆಕಾಯಿ, ನಾಲ್ಕು ಕಟ್ಟು ಸೊಪ್ಪು ತರುವ ಅಜ್ಜಿಗಂತೂ ಇಲ್ಲ. ಅವಳು ರಸ್ತೆ ಬದಿಗೆ ಹೋಗಿ ಕೂರುತ್ತಾಳೆ, ಅಲ್ಲಿಂದಲೂ ಎಬ್ಬಿಸುತ್ತಾರೆ. ಮಳಿಗೆಯವನಿಗೆ ನಷ್ಟವಾದರೆ ಶಟರ್ ಎಳೆದು ಹೋಗುತ್ತಾನೆ. ಕಾಂಕ್ರೀಟು ಮಾತ್ರ ಅಲ್ಲೇ ನಿಂತಿರುತ್ತದೆ.

ಹಾಗಂತ ಮಾಲ್‌ನಲ್ಲಿ ಒಳ್ಳೆಯದೇ ಇಲ್ಲ ಅನ್ನಲಾರೆ. ನೆರಳಿದೆ, ಬೆಳಕಿದೆ, ಕೂರಲು ಜಾಗವಿದೆ, ಹೆಣ್ಣುಮಕ್ಕಳು ಧೈರ್ಯವಾಗಿ ಹೋಗಬಹುದಾದ ಶೌಚಾಲಯವಿದೆ. ನಮ್ಮ ಸಂತೆಗಳಲ್ಲಿ ಇಲ್ಲದ್ದು ಇದೇ. ಬೆಳಗ್ಗೆ ಬಂದ ಹೆಂಗಸರು ಸಂಜೆಯ ತನಕ ನೀರು ಕುಡಿಯಲೂ ಅಂಜುತ್ತಾರೆ. ಮಳೆ ಬಂದರೆ ಸೊಪ್ಪೆಲ್ಲ ಕೆಸರು. ಗ್ರೂಯೆನ್ ಚಳಿ ಮಳೆಯಿಂದ ಜನರನ್ನು ಕಾಪಾಡಬೇಕು ಅಂದದ್ದು ಸರಿಯಿತ್ತು. ಆ ಚಾವಣಿ ಖಾಸಗಿ ಜಾಗದ ಮೇಲೆ ಬಿತ್ತು, ಅಲ್ಲೇ ಕೆಟ್ಟದ್ದು.

ಆದ್ದರಿಂದ ಚಾವಣಿ ಸಂತೆಗೇ ಬರಲಿ. ಎತ್ತರದ ಕಟ್ಟೆ, ಮೇಲೆ ಶೀಟು, ನಲ್ಲಿ ನೀರು, ಎರಡು ಶೌಚಾಲಯ, ರಾತ್ರಿ ದೀಪ. ಸುಂಕ ವಸೂಲಿಯನ್ನು ವರ್ಷ ವರ್ಷ ಹರಾಜು ಹಾಕುವ ಪಂಚಾಯ್ತಿ ಆ ಹಣದಲ್ಲಿ ಸಂತೆಗೆ ಎಷ್ಟು ವಾಪಸ್ ಹಾಕಿದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಕಾಂಪ್ಲೆಕ್ಸ್ ಪ್ರಸ್ತಾಪ ಬಂದರೆ ಇನ್ನೂ ಮೂರು ಕೇಳಿ. ಜಾಗ ಯಾರ ಹೆಸರಿನಲ್ಲಿ ಉಳಿಯುತ್ತದೆ? ಗುತ್ತಿಗೆ ಎಷ್ಟು ವರ್ಷಕ್ಕೆ? ಸಂತೆ ದಿನ ನೆಲದ ಮೇಲೆ ಕೂರುವವರಿಗೆ ಜಾಗ ಎಲ್ಲಿ? ಬಾಯಿಮಾತು ಬೇಡ, ನಡಾವಳಿಯಲ್ಲಿ ಬರೆಸಿ.

ಮಾಲ್‌ಗೆ ಹೋಗಿ, ಸಿನಿಮಾ ನೋಡಿ, ಪಂಚೆ ಉಟ್ಟೇ ಹೋಗಿ. ಆದರೆ ಪಂಚೆ ಉಟ್ಟವರನ್ನು ತಡೆಯಲು ಬಾಗಿಲೇ ಇಲ್ಲದ ಜಾಗ ನಮ್ಮೂರಲ್ಲಿ ಒಂದಿದೆ. ಅದನ್ನು ಕಳೆದುಕೊಳ್ಳಬೇಡಿ.