ಬೇಸಿಗೆ ರಜೆ ಮತ್ತು ಬರೆಯುವ ತಾಯಿ

ಮಕ್ಕಳಿರುವ, ಬರೆಯುವ ಹವ್ಯಾಸವೂ ಇರುವ ಹೆಂಗಸರಿಗೆ ಎರಡು ಮಾತು ಸದಾ ಕಿವಿಗೆ ಬೀಳುತ್ತವೆ. ಒಂದು, ‘ಮಕ್ಕಳು ಸ್ವಲ್ಪ ದೊಡ್ಡವರಾಗಲಿ, ಆಮೇಲೆ ಬರೆದರಾಯಿತು’. ಇನ್ನೊಂದು, ‘ಬರೆಯಲೇಬೇಕು ಅನ್ನುವವರಿಗೆ ಹೇಗಾದರೂ ಸಮಯ ಸಿಗುತ್ತದೆ’. ಮೊದಲನೆಯದನ್ನು ಅಕ್ಕರೆಯಿಂದ ಹೇಳುತ್ತಾರೆ, ಎರಡನೆಯದನ್ನು ಹುರಿದುಂಬಿಸಲು. ಎರಡೂ ತಪ್ಪು ಎಂಬುದು ನನ್ನ ವಾದ. ಏಪ್ರಿಲ್ ಎರಡನೇ ವಾರ ಶಾಲೆ ಮುಚ್ಚಿ, ಮೇ ಕೊನೆಯವರೆಗೆ ಮಕ್ಕಳು ದಿನವಿಡೀ ಮನೆಯಲ್ಲಿರುವ ಈ ದಿನಗಳಲ್ಲಿ ಆ ತಪ್ಪು ಎದ್ದು ಕಾಣುತ್ತದೆ.

ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ನಮ್ಮ ಮುಂದಿದೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ತೊಡಗುವ ಗಂಡಸರು 88 ನಿಮಿಷ. ಮಕ್ಕಳು, ವಯಸ್ಸಾದವರನ್ನು ನೋಡಿಕೊಳ್ಳುವ ಲೆಕ್ಕ ಬೇರೆ: 137 ಮತ್ತು 75. ಬೆಳಗಿನ 4 ಗಂಟೆಯಿಂದ ಮರುದಿನ ಬೆಳಗಿನ 4ರವರೆಗಿನ ದಿನವನ್ನು ಅರ್ಧರ್ಧ ಗಂಟೆಯಾಗಿ ವಿಂಗಡಿಸಿ ಕೇಳಿ ಬರೆದುಕೊಂಡ ಅಂಕಿಗಳಿವು. ಬಹಳ ಬೆಲೆಯುಳ್ಳ ಕೆಲಸ. ಆದರೂ ಬರೆಯುವವಳ ನಿಜವಾದ ತೊಡಕು ಈ ಲೆಕ್ಕದಲ್ಲಿ ಸಿಗುವುದಿಲ್ಲ. ಕೈ ಖಾಲಿ ಇದ್ದರೂ ಅವಳ ಕಿವಿ ಖಾಲಿ ಇರುವುದಿಲ್ಲ. ಮಧ್ಯಾಹ್ನ ಎರಡರಿಂದ ಎರಡೂವರೆ ‘ಬಿಡುವು’ ಎಂದು ಬರೆಸಿದ ಅರ್ಧ ಗಂಟೆಯಲ್ಲಿ ‘ಅವ್ವಾ, ಬಾಲ್ ಎಲ್ಲೈತಿ?’ ಎಂಬ ಕೂಗು ಯಾವಾಗ ಬೇಕಾದರೂ ಬರಬಹುದು. ಬಂದರೆ ಒಂದು ನಿಮಿಷದ ಕೆಲಸ. ಬರಬಹುದು ಎಂಬ ಕಾಯುವಿಕೆ ಮಾತ್ರ ಇಡೀ ಅರ್ಧ ಗಂಟೆಯನ್ನು ನುಂಗುತ್ತದೆ.

ಹಾಗಾಗಿ ಬರೆಯಲು ಎಷ್ಟು ಸಮಯ ಬೇಕು ಎಂದು ಕೇಳುವುದಕ್ಕಿಂತ ಎಂಥ ಸಮಯ ಬೇಕು ಎಂದು ಕೇಳಬೇಕು. ನಮ್ಮ ಧಾರವಾಡದ ಕಡೆ ಬೇಸಿಗೆಯೆಂದರೆ ಹಪ್ಪಳ, ಸಂಡಿಗೆ, ಶಾವಿಗೆಯ ಕಾಲವೂ ಹೌದು. ರಾತ್ರಿ ನೆನೆಹಾಕಿದ ಅಕ್ಕಿಯನ್ನು ನಸುಕಿನಲ್ಲಿ ರುಬ್ಬಿ, ಉಪ್ಪು ಜೀರಿಗೆ ಹಾಕಿ, ಗಂಟಾಗದ ಹಾಗೆ ತಿರುವುತ್ತ ಗಟ್ಟಿಯಾಗಿ ಬೇಯಿಸಬೇಕು. ಬಿಸಿಲು ಏರುವ ಮೊದಲೇ ಮಾಳಿಗೆಯ ಮೇಲೆ ಒದ್ದೆ ಧೋತರ ಹಾಸಿ ಚಮಚದಿಂದ ಬಿಡಬೇಕು. ಅಲ್ಲಿಯವರೆಗೆ ಮೈಮುರಿಯುವ ಕೆಲಸ. ಆಮೇಲಿನದು ಬರೀ ಕಾಯುವುದು. ಕಾಗೆ ಬರದ ಹಾಗೆ, ಬೆಕ್ಕು ತುಳಿಯದ ಹಾಗೆ ಯಾರಾದರೂ ನೀರಿನ ಟಾಕಿಯ ನೆರಳಲ್ಲಿ ಕೂತಿರಬೇಕು. ನಾನು ಕಂಡ ಹಾಗೆ ಒಂದು ಪುಟ ಬರೆಯಲು ಆ ನೆರಳಿನಷ್ಟು ಒಳ್ಳೆಯ ಜಾಗ ಮನೆಯಲ್ಲಿ ಬೇರೆ ಇಲ್ಲ. ಸಂಡಿಗೆ ಕಾಯುತ್ತಿರುವವಳನ್ನು ಯಾರೂ ಕೆಳಗೆ ಕರೆಯುವುದಿಲ್ಲ, ಅದು ಮನೆಯ ಕೆಲಸ ಎಂದು ಎಲ್ಲರೂ ಒಪ್ಪಿದ್ದಾರೆ. ಅದೇ ಹೆಂಗಸು ಅದೇ ನೋಟುಬುಕ್ಕು ಹಿಡಿದು ಕೋಣೆಯಲ್ಲಿ ಕೂತರೆ ಅವಳು ಸುಮ್ಮನೆ ಕೂತಿದ್ದಾಳೆ ಎಂದೇ ಎಲ್ಲರ ಎಣಿಕೆ. ಎರಡೂ ಕಡೆ ಗಡಿಯಾರದ ಸಮಯ ಒಂದೇ. ಒಂದನ್ನು ಮನೆ ಮನ್ನಿಸುತ್ತದೆ, ಇನ್ನೊಂದನ್ನು ಮನ್ನಿಸುವುದಿಲ್ಲ.

ಇಲ್ಲಿ ಹವ್ಯಾಸಗಳ ಮಾತೂ ಬರುತ್ತದೆ. ಬರೆಯಬೇಕಾದರೆ ಕಸೂತಿ, ಹಾಡು, ಕೈತೋಟ ಎಲ್ಲ ಬಿಟ್ಟು ಒಂದನ್ನೇ ಹಿಡಿ ಎನ್ನುವವರಿದ್ದಾರೆ. ಕಸೂತಿ ಹಾಕುವವರಿಗೆ ಗೊತ್ತು: ಗವಂತಿಯೋ ಮುರಗಿಯೋ, ಎಳೆ ಎಣಿಸಿ ಹಾಕಿದ ಹೊಲಿಗೆಯನ್ನು ನಡುವೆ ಬಿಟ್ಟು ಎದ್ದರೂ ಸೂಜಿ ನಿಂತಲ್ಲೇ ನಿಂತಿರುತ್ತದೆ. ಮಕ್ಕಳ ಜಗಳ ಬಿಡಿಸಿ, ಹಾಲಿಗೆ ಹೆಪ್ಪು ಹಾಕಿ ಬಂದು ಅಲ್ಲಿಂದಲೇ ಮುಂದುವರಿಸಬಹುದು. ವಾಕ್ಯ ಹಾಗಲ್ಲ, ಎದ್ದು ಬರುವಷ್ಟರಲ್ಲಿ ಅದು ಇರುವುದೇ ಇಲ್ಲ. ಆದ್ದರಿಂದ ಕಸೂತಿ ಬರವಣಿಗೆಯ ಸಮಯವನ್ನು ಕದಿಯುತ್ತದೆ ಎಂಬ ದೂರು ಸರಿಯಲ್ಲ. ಬರವಣಿಗೆಗೆ ಹೇಗೂ ದಕ್ಕದ ಚೂರುಪಾರು ಹೊತ್ತಿನಲ್ಲೇ ಅದು ಬದುಕುತ್ತದೆ, ದಣಿದ ಮನಸ್ಸಿಗೆ ತಂಪನ್ನೂ ಕೊಡುತ್ತದೆ. ಕೊಡಗಿನ ಗೌರಮ್ಮ ಸಂಸಾರದ ನಡುವೆ ಕತೆ ಬರೆದರು, ಟೆನಿಸ್ ಆಡಿದರು, ಈಜಿದರು. 1939ರ ಏಪ್ರಿಲ್‌ನಲ್ಲಿ ಈಜಲು ಹೋದಾಗಲೇ ನೀರುಪಾಲಾದರು. ಆಗ ಅವರಿಗೆ 27 ವರ್ಷ. ಅವರ ಕತೆಗಳಲ್ಲಿರುವ ಎಚ್ಚರ, ಚುರುಕು ಆ ತುಂಬು ಬದುಕಿನಿಂದಲೇ ಬಂದದ್ದು ಎಂದು ನಾನು ನಂಬುತ್ತೇನೆ.

ಇನ್ನು ‘ಹೇಗಾದರೂ ಸಮಯ ಸಿಗುತ್ತದೆ’ ಎನ್ನುವವರ ಮಾತು. ಅವರು ದೊಡ್ಡ ಹೆಸರುಗಳನ್ನು ಮುಂದಿಡುತ್ತಾರೆ, ತ್ರಿವೇಣಿ ಅವರ ಹೆಸರಂತೂ ಇದ್ದೇ ಇರುತ್ತದೆ. ಹತ್ತು ವರ್ಷಗಳ ಆಸುಪಾಸಿನಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದವರು ಅವರು. ಆದರೆ ಅವರ ಮಗು ಹುಟ್ಟಿದ್ದು 1963ರಲ್ಲಿ, ಅದಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಮಗುವನ್ನು ಬೆಳೆಸುತ್ತಾ ಬರೆದವರಿಗೆ ಅವರನ್ನು ಉದಾಹರಣೆ ಕೊಡುವಂತಿಲ್ಲ. ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದೂ 1963ರಲ್ಲೇ, ಆಗ ಅವರಿಗೆ 46. ‘ಫಣಿಯಮ್ಮ’ನಂಥ ಕೃತಿ ಕೊಟ್ಟ ಕೈ ಅಷ್ಟು ವರ್ಷ ಕಾದಿತ್ತು. ತಡವಾದರೂ ಬರೆದರಲ್ಲ ಎಂದು ನಾವು ಸಂತೋಷಪಡುತ್ತೇವೆ, ಪಡಬೇಕಾದದ್ದೇ. ಆದರೆ ಮೂವತ್ತರ ವಯಸ್ಸಿನಲ್ಲಿ ಅವರು ಬರೆಯಬಹುದಾಗಿದ್ದ ಪುಸ್ತಕ ನಮಗೆ ಸಿಗಲಿಲ್ಲ. ಮೂವತ್ತರವಳಿಗೆ ಕಾಣುವ ಲೋಕವೇ ಬೇರೆ, ಐವತ್ತರಲ್ಲಿ ಅದನ್ನು ನೆನಪಿನಿಂದ ಬರೆಯಬೇಕಾಗುತ್ತದೆ. ಕೆನಡಾದ ಆಲಿಸ್ ಮನ್ರೊ 2013ರಲ್ಲಿ ನೊಬೆಲ್ ಪಡೆದರು. ಚಿಕ್ಕ ಮಕ್ಕಳಿದ್ದ ಮನೆಯಲ್ಲಿ ಕಾದಂಬರಿಗೆ ಬೇಕಾದ ಉದ್ದನೆಯ ಸಮಯ ಸಿಗದೆ ಕತೆಗೆ ಒಗ್ಗಿಕೊಂಡೆ ಎಂಬರ್ಥದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಸಮಯ ಸಿಕ್ಕವರ ಹೆಸರು ಹೇಳಬಹುದು. ಸಿಗದೆ ಹೋದವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಹಿಂದೆ ಹೀಗಿರಲಿಲ್ಲ, ರಜೆ ಬಂದರೆ ಮಕ್ಕಳು ಅಜ್ಜಿ ಮನೆಗೆ ಹೋಗುತ್ತಿದ್ದರು ಎಂದು ಹಲವರು ಹಂಬಲಿಸುತ್ತಾರೆ. ಮಾವಿನ ತೋಪು, ಹೊಳೆಯ ಈಜು, ಚೌಕಾಬಾರ ಎಲ್ಲ ನಿಜ. ಆದರೆ ಹತ್ತಾರು ಮೊಮ್ಮಕ್ಕಳಿಗೆ ದಿನಕ್ಕೆ ಮೂರು ಹೊತ್ತು ರೊಟ್ಟಿ ಬಡಿದವರು ಯಾರು? ಕೆಲಸ ಒಬ್ಬ ಹೆಂಗಸಿನ ಕೈಯಿಂದ ಇನ್ನೊಬ್ಬಳ ಕೈಗೆ ದಾಟಿತ್ತು, ಗಂಡಸರ ಕೈಗೆ ಬಂದಿರಲಿಲ್ಲ. ಬಾನು ಮುಷ್ತಾಕ್ ಅವರ ‘ಕೆಂಪು ಲುಂಗಿ’ ಕತೆಯಲ್ಲಿ ರಜೆಯ ಮಕ್ಕಳ ಗದ್ದಲಕ್ಕೆ ಹೈರಾಣಾದ ತಾಯಿ, ಹುಡುಗರಿಗೆ ಖತ್ನಾ ಮಾಡಿಸಿದರೆ ಕೆಲವು ದಿನವಾದರೂ ಹಾಸಿಗೆಯಲ್ಲಿರುತ್ತಾರೆ ಎಂದು ಲೆಕ್ಕ ಹಾಕುತ್ತಾಳೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಸಂಕಲನದ ಕತೆಯದು. ಬಡವ ಬಲ್ಲಿದರ ದೊಡ್ಡ ಸಂಗತಿಯನ್ನು ಹೇಳುವ ಕತೆ ಈ ದಣಿವಿನಿಂದ ಶುರುವಾಗುತ್ತದೆ, ಅದು ಸಾಹಿತ್ಯಕ್ಕೆ ಸಲ್ಲುವ ವಸ್ತು ಎಂದು ಬಾನು ಅವರಿಗೆ ಗೊತ್ತಿತ್ತು.

ಬೇಸಿಗೆ ಶಿಬಿರಗಳಿವೆಯಲ್ಲ ಎನ್ನಬಹುದು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥವು ಮಕ್ಕಳಿಗೆ ನಿಜಕ್ಕೂ ದೊಡ್ಡ ಲಾಭ. ಆದರೆ ಸಣ್ಣ ಊರುಗಳಲ್ಲಿ ಅಂಥವು ಕಡಿಮೆ, ನಗರದ ಶಿಬಿರಗಳ ಫೀಸು ಎಲ್ಲರಿಗೂ ಎಟುಕುವುದಿಲ್ಲ. ಬಿಡುವ, ಕರೆತರುವ ಓಡಾಟವೂ ಹೆಚ್ಚಾಗಿ ತಾಯಿಯದೇ.

ತಾಯಿ ಬಾಗಿಲು ಮುಚ್ಚಿಕೊಂಡರೆ ಮಕ್ಕಳಿಗೆ ಕೊರತೆಯಾಗುವುದಿಲ್ಲವೇ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಎಳೆಗೂಸಿನ ವಿಷಯದಲ್ಲಿ ಆ ಆತಂಕ ಸಹಜ, ಅಲ್ಲಿ ಇನ್ನೊಬ್ಬ ದೊಡ್ಡವರು ಇರಲೇಬೇಕು. ಎಂಟು ಹತ್ತು ವರ್ಷದ ಮಕ್ಕಳಿಗೆ ಮಾತ್ರ ದಿನಕ್ಕೆ ಎರಡು ಗಂಟೆ ಬೇಸರವಾಗುವುದು ಒಳ್ಳೆಯದು. ತಾವೇ ಆಟ ಹುಡುಕಿಕೊಳ್ಳುತ್ತಾರೆ, ಪುಸ್ತಕ ತೆಗೆಯುತ್ತಾರೆ, ಜಗಳವಾಡಿ ತಾವೇ ರಾಜಿಯಾಗುತ್ತಾರೆ. ಅಪ್ಪ ಕತೆ ಬರೆಯುವಾಗ ‘ಸದ್ದು ಮಾಡಬೇಡಿ’ ಎಂದು ಮಕ್ಕಳಿಗೆ ಕಲಿಸುವ ಮನೆ, ಅಮ್ಮ ಬರೆಯುವಾಗಲೂ ಅದನ್ನೇ ಕಲಿಸಬಹುದು. ಅಮ್ಮನಿಗೂ ತನ್ನದೊಂದು ಕೆಲಸವಿದೆ ಎಂದು ತಿಳಿದು ಬೆಳೆಯುವ ಮಗನಿಗೂ ಮಗಳಿಗೂ ಅದು ಬಾಳಿಡೀ ಉಳಿಯುವ ಪಾಠ.

ಬರೆಯುವವಳಿಗೆ ಸಮಯ ಎಲ್ಲಿಂದಲೋ ಸಿಗುವುದಿಲ್ಲ, ಮನೆಯವರು ಯಾರಾದರೂ ಕೊಡಬೇಕು. ನಿಮ್ಮ ಮನೆಯಲ್ಲಿ ಬರೆಯುವ ತಾಯಿಯಿದ್ದರೆ ಈ ಮೇ ತಿಂಗಳಲ್ಲಿ ದಿನಕ್ಕೆ ಎರಡು ಗಂಟೆ ಮಕ್ಕಳ ಕೂಗಿಗೆ ನೀವು ಓಗೊಡಿ. ಅವಳು ಕೇಳುವವರೆಗೆ ಕಾಯಬೇಡಿ. ಯಾವ ಎರಡು ಗಂಟೆ ಎಂದು ಮೊದಲೇ ಗೊತ್ತುಮಾಡಿ, ಮಕ್ಕಳಿಗೂ ಹೇಳಿಬಿಡಿ.