ಅನುಕಂಪದಾಚೆಗೆ
ರಬಕವಿ-ಬನಹಟ್ಟಿಯ ಮಗ್ಗದ ಓಣಿಗಳಿಂದ, ಮುಧೋಳದ ಕಬ್ಬಿನ ಸೀಮೆಯಿಂದ, ಬೀಳಗಿಯ ಹಳ್ಳಿಗಳಿಂದ ಬಸ್ಸು ಹಿಡಿದು ಜಮಖಂಡಿಯ ಬಾಗಲಕೋಟೆ ವಿಶ್ವವಿದ್ಯಾಲಯಕ್ಕೆ ಬರುವ ತರುಣ ತರುಣಿಯರು ವಿಕಲಾಂಗ ಸಹಪಾಠಿಯನ್ನು ಕಂಡೊಡನೆ ಆಸನವನ್ನು ತೆರವುಮಾಡಿಕೊಡುವುದು ಅವರ ಸೌಜನ್ಯಕ್ಕೆ ಭೂಷಣವೇ ಸರಿ. ಆದರೆ ಆಸನ ಬಿಟ್ಟುಕೊಟ್ಟವರೇ ಚರ್ಚಾಕೂಟಕ್ಕೋ ಪ್ರವಾಸಕ್ಕೋ ವಿದ್ಯಾರ್ಥಿಸಂಘದ ಮುಂದಾಳುತನಕ್ಕೋ ಹೆಸರುಗಳನ್ನು ಬರೆದುಕೊಳ್ಳುವಾಗ ಆತನನ್ನು ಮರೆತರೆಂದರೆ, ಅಲ್ಲಿದ್ದುದು ಕರುಣೆಯೇ ಹೊರತು ಸಮಭಾವವಲ್ಲವೆಂದು ಹೇಳದೆ ವಿಧಿಯಿಲ್ಲ. ವಿಕಲಾಂಗರಿಗಾಗಿ ಬಂದ 1995ರ ಶಾಸನವು 7 ಬಗೆಯ ವೈಕಲ್ಯಗಳನ್ನು ಗುರುತಿಸಿ ಶಿಕ್ಷಣಸಂಸ್ಥೆಗಳಲ್ಲಿ ಶೇಕಡಾ 3ರಷ್ಟು ಸ್ಥಾನಗಳನ್ನು ಕಾದಿರಿಸಿದ್ದರೆ, 2016ರ ಶಾಸನವು 21 ಬಗೆಗಳನ್ನು ಅಂಗೀಕರಿಸಿ, ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣಸಂಸ್ಥೆಗಳಲ್ಲಿ ಆ ಪಾಲನ್ನು ಶೇಕಡಾ 5ಕ್ಕೇರಿಸಿ, ಪ್ರವೇಶದ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆಯನ್ನೂ ಇತ್ತಿತು. ಆದರೂ ಯಾವ ಶಾಸನದ ಯಾವ ಕಲಮೂ ಗೆಳೆತನವನ್ನು ಕಡ್ಡಾಯಗೊಳಿಸಲಾರದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಸ್ವತಃ ಅಂಧರಾಗಿದ್ದು ಎಷ್ಟೋ ಅಂಧ ಬಾಲಕರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದ ನಾಡಿದು. ಆದರೆ ಅಂತಹ ಮಹನೀಯರಿಗೆ ಕೈಮುಗಿಯುವ ನಾವು, ಎಲ್ಲರಂತೆ ಸಾಧಾರಣ ಅಂಕಗಳನ್ನು ಪಡೆದು, ಎಲ್ಲರಂತೆ ಹರಟೆ ಕೊಚ್ಚಿ, ಒಮ್ಮೊಮ್ಮೆ ತರಗತಿಯನ್ನು ತಪ್ಪಿಸುವ ಅಂಧ ವಿದ್ಯಾರ್ಥಿಗೂ ಅದೇ ಮನ್ನಣೆಯನ್ನು ಸಲ್ಲಿಸುವೆವೇ? ಪರೀಕ್ಷೆಯಲ್ಲಿ ಆತನಿಗೆ ಲಿಪಿಕಾರನಾಗಿ ಕುಳಿತವನು ಪುಣ್ಯಸಂಪಾದನೆಯ ಲೆಕ್ಕವನ್ನು ಬದಿಗಿರಿಸಿ, ಮರುದಿನ ಅದೇ ಮಿತ್ರನೊಡನೆ ಸರಿಸಮನಾಗಿ ವಾದಕ್ಕಿಳಿದು ಗೆಲ್ಲುವುದಕ್ಕೂ ಸೋಲುವುದಕ್ಕೂ ಸಿದ್ಧನಾದಂದು ಆ ಲಿಪಿಕಾರನ ಪದವಿಗೆ ಅರ್ಥ ಬಂದೀತು.